ಎರಡು ಗಂಟಲಿನ ಕರೆಂಟ್ ಕರಿಬಸಪ್ಪ

ಕರೆಂಟ್ ಕರಿಬಸಪ್ಪನಿಗೆ ಎರಡು ಗಂಟಲಿದ್ದವು. ಒಂದು ಬೂಟು ಹಾಕಿಕೊಂಡು ಬಂದ ಗಿರಾಕಿಗೆ, ಇನ್ನೊಂದು ಊರುಗೋಲು ಹಿಡಿದು ಬಂದವರಿಗೆ. ಮೊದಲನೆಯದರ ಮಾತು ಮೂಗಿನಲ್ಲಿ ಸ್ವಲ್ಪ ಹೊತ್ತು ಸುತ್ತಾಡಿ, ಮೆತ್ತಗಾಗಿ, "ಬರ್ರಿ ಸಾರ್, ಕೂಡ್ರಿ ಸಾರ್" ಎಂದು ಹೊರಗೆ ಜಾರುತ್ತಿತ್ತು. ಎರಡನೆಯದು ಎಲ್ಲೂ ತಂಗದೆ ಹೊಟ್ಟೆಯಿಂದ ನೇರವಾಗಿ ಏಳುತ್ತಿತ್ತು. ಆಗ ಚೌಕಿಪೇಟೆಯ ಆ ತುದಿಯಲ್ಲಿ ಕೊಡ ಬಡಿಯುತ್ತಿದ್ದವನು ಕೂಡ ಸುತ್ತಿಗೆ ನಿಲ್ಲಿಸಿ, "ಕರಿಬಸಣ್ಣಗೆ ಯಾರೋ ಮುದುಕ್ರು ಸಿಕ್ಕಾರೆ" ಅನ್ನುತ್ತಿದ್ದ. ಮುದುಕರೆಲ್ಲ ಕಿವುಡರು ಎಂಬುದು ಕರಿಬಸಪ್ಪನ ನಂಬಿಕೆ. ಕಿವುಡರಲ್ಲದವರು ಅವನ ಅಂಗಡಿಯಿಂದ ಇಳಿಯುವಷ್ಟರಲ್ಲಿ ಆಗಿರುತ್ತಿದ್ದರು.

ಕರಿಬಸಪ್ಪ ವಯಸ್ಸಿಗೆ ಬಹುವಚನ ಕೊಡಬೇಕಾದ ಮನುಷ್ಯನೇ. ಆದರೆ ಆ ಅಂಗಡಿಯಲ್ಲಿ ಬಹುವಚನದ ಖರ್ಚು ತೀರಾ ಕಮ್ಮಿ ಇತ್ತು. ಅಲ್ಲಿ ಕೆಲಸ ಕಲಿತ ನನಗೂ ಅದೇ ಅಭ್ಯಾಸ. ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕದ ಮೇಷ್ಟರನ್ನು ಚೆನ್ನಾಗಿ ಅಣಕಿಸಿದೆ, ಲೆಕ್ಕ ಮಾತ್ರ ಬರಲಿಲ್ಲ. ಹಾಗಾಗಿ ಮೀಸೆ ಬಲಿತ ಮೇಲೆ ಕರಿಬಸಪ್ಪನ ಏಣಿ ಹೊರುವ ಯೋಗ ಬಂತು. ನನ್ನ ಸ್ವಂತ ದನಿ ಚಳಿಗೆ ಸಿಕ್ಕ ಗುಬ್ಬಿಯದು. ಅದನ್ನು ಯಾರೂ ಲಕ್ಷ್ಯಕ್ಕೆ ತೆಗೆದುಕೊಳ್ಳದ ಕಾರಣ ಕಂಡಕಂಡವರ ದನಿ ಕದ್ದು ಬದುಕುತ್ತಿದ್ದೆ. ಅಂಗಡಿ ಸೇರಿದ ತಿಂಗಳಲ್ಲೇ ಕರಿಬಸಪ್ಪನ ಎರಡೂ ಗಂಟಲು ನನ್ನ ಜೇಬಿನಲ್ಲಿದ್ದವು. ಅವನು ನನ್ನನ್ನು ಕರೆಯುತ್ತಿದ್ದುದು "ಮಂಗ್ಯಾ" ಎಂದು. ಮಂಗನ ಅಣಕ ತನ್ನದೇ ಅಂತ ಅವನಿಗೆ ಒಮ್ಮೆಯೂ ಹೊಳೆದಿರಲಿಲ್ಲ. ನಾನು ಅವನ ಎದುರಿಗೇ ಅವನಂತೆ ಕೂಗಿದರೆ, "ಯಾರ್ದಲೇ ಅದು, ಕತ್ತೆ ದನಿ?" ಎಂದು ಕೇಳಿ, ತಾನೇ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಆಗಿನ್ನೂ ದಾವಣಗೆರೆಯ ಒಳಪೇಟೆಗಳಲ್ಲಿ ಮನೆಮನೆಗೆ ಕರೆಂಟು ಬರುತ್ತಿದ್ದ ಕಾಲ. ಗಿರಣಿಗಳಿಗೆ ಮೊದಲೇ ಬಂದಿತ್ತು, ಸಾಹುಕಾರರ ಮನೆಗೂ ಬಂದಿತ್ತು. ಈಗ ಉಳಿದವರ ಸರದಿ. ವೈರಿಂಗ್ ಲೆಕ್ಕವೆಲ್ಲ ಪಾಯಿಂಟಿನ ಮೇಲೆ. ಒಂದು ಬಲ್ಬು, ಅದಕ್ಕೊಂದು ಸ್ವಿಚ್ಚು, ನಡುವೆ ಗೋಡೆಗುಂಟ ಮರದ ಪಟ್ಟಿಯ ಮೇಲೆ ಓಡುವ ತಂತಿ, ಇಷ್ಟು ಸೇರಿದರೆ ಒಂದು ಪಾಯಿಂಟ್. ಪಾಯಿಂಟಿಗೆ ಇಷ್ಟು ಅಂತ ಹೇಳಿದರೆ ಅದೇ ಅಂದಾಜು. ಹೇಳುವುದಕ್ಕೆ ಉಸಿರು ಬಿಡುವಷ್ಟು ಹೊತ್ತು ಸಾಕು. ಆದರೆ ನಮ್ಮ ಕಡೆಯ ಹಿರಿಯರು ಒಂದು ಸಲ ಕೇಳಿ ಬಿಡುವ ಪೈಕಿ ಅಲ್ಲ. ಇವತ್ತು ಕೇಳುತ್ತಾರೆ, ಹೋಗುತ್ತಾರೆ. ಮುಂದಿನ ಸಂತೆಗೆ ಬಂದು ಮೊದಲ ಸಲ ಕೇಳುವವರ ಮುಖ ಮಾಡಿಕೊಂಡು ಮತ್ತೆ ಅದನ್ನೇ ಕೇಳುತ್ತಾರೆ. ಮರೆವಿನಿಂದಲ್ಲ. ಮಂಚ ಮಾಡುವವನನ್ನು, ಹಂಚು ಹೊದಿಸುವವನನ್ನು, ಎತ್ತು ಮಾರುವವನನ್ನು ಅವರು ಅಳೆಯುವುದೇ ಹಾಗೆ. ಬೇರೆ ಬೇರೆ ದಿನ ಕೇಳಿದಾಗಲೂ ಒಂದೇ ಮಾತು, ಒಂದೇ ಮುಖ ಇದ್ದವನಿಗೆ ಕೆಲಸ. ಇದು ಪೇಟೆಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವನು ಕರಿಬಸಪ್ಪ ಒಬ್ಬನೇ. ಅವನ ಬಾಯಲ್ಲಿ ಇವರಿಗೆಲ್ಲ "ಬರೀ ಅಂದಾಜಿನ ಗಿರಾಕಿ" ಎಂದು ಹೆಸರು.

ಆನೆಕೊಂಡದ ಬಸಮ್ಮಜ್ಜಿ ಬಂದಳೆಂದರೆ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಕೂರುತ್ತಿದ್ದೆ. ಅಂಥ ಮೋಜು ಅದು.

"ಏನಪ್ಪಾ, ಅಡಿಗಿ ಮನೀಗೊಂದು, ನಡುಮನೀಗೊಂದು ದೀಪ ಹಾಕಾಕೆ ಏನು ತಗಂತಿ?"

"ಅಜ್ಜೀ! ಹೋದ ವಾರ ಹೇಳಿದ್ನಲ್ಲಾ!"

"ಹೇಳಿದ್ದೆ. ಈ ವಾರ ಏನು ಹೇಳ್ತಿ?"

"ಈ ವಾರ ಒಂದು ರೂಪಾಯಿ ಜಾಸ್ತಿ! ಮತ್ತೆ ಬಂದ್ರೆ ಮತ್ತೊಂದು ಜಾಸ್ತಿ! ನನ್ನ ಗಂಟಲು ಪುಕ್ಸಟ್ಟೆ ಬಂದಿಲ್ಲ!"

ಅಜ್ಜಿ ಸ್ವಲ್ಪವೂ ಬೇಜಾರಾಗದೆ ಎಲೆಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಹಂಗಾದ್ರೆ ಬರದಿದ್ರೆ ಒಂದೊಂದು ಕಮ್ಮಿ ಆಗ್ತೈತೇನಪ್ಪಾ? ವರ್ಷ ಬಿಟ್ಟು ಬರ್ತೀನಿ, ಬಿಡು."

ಆ ದಂಡದ ಮೇಲೆ ಕರಿಬಸಪ್ಪನಿಗೆ ಬಹಳ ಹೆಮ್ಮೆ. ಕೇಳಿದ್ದನ್ನೇ ಕೇಳಿದರೆ ರೇಟು ಏರಿಸುವುದು ತನ್ನದೇ ಕಾಯಿದೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ. ಹೀಗೆ ಏರಿಸಿ ಏರಿಸಿ ಎಷ್ಟು ಮನೆಗಳನ್ನು ಎದುರು ಸಾಲಿನ ವೈರ್‌ಮನ್‌ಗೆ ದಾಟಿಸಿದ್ದನೋ! ಆ ಪುಣ್ಯಾತ್ಮ ದಿನಾ ಬೆಳಿಗ್ಗೆ ಬಾಗಿಲು ತೆಗೆಯುವಾಗ ನಮ್ಮ ಅಂಗಡಿಯ ಕಡೆಗೊಮ್ಮೆ ಕೈ ಮುಗಿಯುತ್ತಿದ್ದ. ಕರಿಬಸಪ್ಪ ಅದನ್ನು ತನಗೆ ಸಲ್ಲುವ ಗೌರವವೆಂದೇ ತಿಳಿದು ತಲೆಯಾಡಿಸುತ್ತಿದ್ದ.

ಇಂಥ ಕರೆಂಟ್ ಕರಿಬಸಪ್ಪನ ಮನೆಯಲ್ಲಿ ಉರಿಯುತ್ತಿದ್ದುದು ಲಾಟೀನು. ಆನೆಕೊಂಡದಲ್ಲಿ ಸ್ವಂತ ಮನೆ, ಬಾಗಿಲ ಮುಂದೆಯೇ ಕಂಬ. ಆದರೂ ಒಳಗೆ ಕತ್ತಲೆ. ಯಾಕೆ ಎಂದರೆ, "ಹಾಕ್ಕೊಳಾದು ದೊಡ್ಡದಲ್ಲಲೇ, ತಿಂಗಳು ತಿಂಗಳು ಬಿಲ್ಲು ನಿಮ್ಮಪ್ಪ ಕಟ್ತಾನ?" ಅನ್ನುತ್ತಿದ್ದ. ತಾಯಿ ಇಲ್ಲದ ಮಗಳು ಗಿರಿಜ ದಿನಾ ಸಂಜೆ ಆ ಲಾಟೀನಿನ ಗಾಜನ್ನು ಬೂದಿ ಹಾಕಿ ಒರೆಸುತ್ತಿದ್ದಳು. ಮಧ್ಯಾಹ್ನ ಅಪ್ಪನಿಗೆ ಬುತ್ತಿ ತರುತ್ತಿದ್ದವಳೂ ಅವಳೇ. ಅವಳು ಬಂದಾಗ ನಾನು ಅವಳಪ್ಪನ ಎರಡನೇ ಗಂಟಲಲ್ಲಿ, "ಗಿರಿಜಾ! ಉಪ್ಪಿನಕಾಯಿ ಹೋದ ವಾರ ತಿಂದಿದ್ನಲ್ಲಾ!" ಎಂದರೆ, ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ಅವಳಿಗೆ ಗಂಡು ಹುಡುಕುವುದೊಂದೇ ಕರಿಬಸಪ್ಪ ಎರಡೂ ಗಂಟಲು ಬದಿಗಿಟ್ಟು ಯೋಚನೆ ಮಾಡುತ್ತಿದ್ದ ಸಂಗತಿ. ಬಂದ ಸಂಬಂಧಗಳೆಲ್ಲ ಯಾಕೋ ಬಾಗಿಲವರೆಗೆ ಬಂದು ತಿರುಗಿ ಹೋಗುತ್ತಿದ್ದವು. ಯಾಕೋ ಏನು, ಪೇಟೆಯಲ್ಲಿ ವಿಚಾರಿಸಿದವರಿಗೆ ಜನ ಇದ್ದದ್ದನ್ನೇ ಹೇಳುತ್ತಿದ್ದರು.

ಹೀಗಿರುವಾಗ ಸಂಬಂಧ ಕುದುರಿಸುವ ಚನ್ನಯ್ಯ ಒಂದು ದಿನ ಬಂದು ಬೆಂಚಿನ ಮೇಲೆ ಕುಂತ.

"ಹರಿಹರದ ಮನೆತನ ಐತೆ ಕರಿಬಸಣ್ಣ. ಹುಡುಗ ಕಾರ್ಖಾನ್ಯಾಗೆ ಲೇತ್ ಮಷೀನ್ ಮೇಲೆ ಅದಾನೆ. ಆದ್ರೆ ದೊಡ್ಡೋರು ಮೊದಲು ತಾವೇ ಬಂದು ನೋಡ್ತಾರಂತೆ. ಯಾವಾಗ ಬರ್ತಾರೆ, ಯಾರು ಬರ್ತಾರೆ ಅಂತ ನನಗೂ ಹೇಳಿಲ್ಲ."

ಆವತ್ತಿನಿಂದ ನಮ್ಮ ಅಂಗಡಿ ಅಂಗಡಿಯಾಗಿ ಉಳಿಯಲಿಲ್ಲ. ಬೀಗರಾಗುವವರು ಬರುವಾಗ ಕೋಟು ಹಾಕಿರುತ್ತಾರೆ, ಕೈಯಲ್ಲಿ ಛತ್ರಿ ಇರುತ್ತದೆ, ಹರಿಹರದ ಸುದ್ದಿ ಎತ್ತುತ್ತಾರೆ ಎಂದು ಕರಿಬಸಪ್ಪ ತೀರ್ಮಾನ ಮಾಡಿಬಿಟ್ಟ. ಕೋಟಿನವರು ಯಾರು ಮೆಟ್ಟಿಲು ಹತ್ತಿದರೂ ನಾನು ಓಡಿಹೋಗಿ ಮಂಡಕ್ಕಿ, ಮಿರ್ಚಿ, ಮೇಲೊಂದು ಚಾ ತರಬೇಕು. ಹೊಲಿಗೆ ಮಷೀನಿನ ಏಜೆಂಟನೊಬ್ಬ ಹೀಗೆ ಮೂರು ತಟ್ಟೆ ಮಿರ್ಚಿ ತಿಂದು, "ನಿಮ್ಮ ಮಗಳಿಗೆ ಒಂದು ಮಷೀನ್ ಕೊಡಿಸ್ರಿ" ಎಂದ. ಮಗಳ ಮಾತೆತ್ತಿದನಲ್ಲ ಎಂದು ಕರಿಬಸಪ್ಪನ ಕಣ್ಣಲ್ಲಿ ನೀರೇ ಬಂತು. ಏಜೆಂಟ ತಿಂಗಳು ತಿಂಗಳು ಕಂತು ಎಂದಾಗ ಆ ನೀರು ಹಾಗೇ ಒಳಗೆ ಹೋಯಿತು.

ಇದರ ನಡುವೆಯೇ ಆ ಅಜ್ಜ ಬಂದದ್ದು. ಬಿಳಿ ರುಮಾಲು, ಹೆಗಲ ಮೇಲೆ ಕಂಬಳಿ, ಧೂಳು ಕುಡಿದ ಚಪ್ಪಲಿ. ಕಂಬಳಿ ಕಂಡ ಕೂಡಲೇ ಕರಿಬಸಪ್ಪ ಎರಡನೇ ಗಂಟಲು ತೆಗೆದ. ಅಜ್ಜ ಹರಿಹರದಲ್ಲಿ ಹೊಳೆ ಕಡೆ ತನ್ನದೊಂದು ಮನೆ ಇದೆ, ಪಡಸಾಲೆ, ನಡುಮನೆ, ಅಡಿಗೆಮನೆಗೆ ದೀಪ ಬೇಕು, ಏನಾಗುತ್ತೆ ಎಂದು ಕೇಳಿದ. ಕರಿಬಸಪ್ಪ ಕೂಗಿ ಹೇಳಿದ. ಅಜ್ಜ ಹೋದ. ಮುಂದಿನ ವಾರ ಬಂದು ಅದನ್ನೇ ಕೇಳಿದ. ಕರಿಬಸಪ್ಪ ದಂಡ ಸೇರಿಸಿ ಹೇಳಿದ. ಅಜ್ಜ ಆಗಲೂ ಸಿಟ್ಟಾಗದೆ ಬೆಂಚಿನ ತುದಿಗೆ ಕುಂತು, "ಅಲ್ರಿ, ನಿಮ್ಮ ಮನ್ಯಾಗೆ ಎಷ್ಟು ಪಾಯಿಂಟ್ ಹಾಕೀರಿ?" ಎಂದ.

"ನಮ್ಮನೆ ಸುದ್ದಿ ನಿಮಗ್ಯಾಕ್ರೀ!"

"ಮಕ್ಕಳು ಎಷ್ಟ್ರಿ?"

"ಮಕ್ಕಳಿಗೂ ವೈರಿಂಗಿಗೂ ಏನ್ರೀ ಸಂಬಂಧ!"

ಅಜ್ಜ ಹೋದ ಮೇಲೆ ನಾನು ಹೇಳಿದೆ. "ಅಣ್ಣಾ, ಇವರು ಹರಿಹರದೋರು. ಮಕ್ಕಳ ಸುದ್ದಿ ಬೇರೆ ಕೇಳಿದ್ರು. ನನಗ್ಯಾಕೋ ಅನುಮಾನ."

"ಲೇ ಮಂಗ್ಯಾ, ಹರಿಹರದಾಗೆ ಅರ್ಧ ಊರು ಮುದುಕ್ರೇ ಅದಾರೆ. ಎಲ್ಲಾರಿಗೂ ಬೀಗ್ರು ಅಂತ ಕಾಲು ತೊಳಿಲೇನು? ಕಂಬಳಿ ಹೊದ್ದಕಂಡು ಯಾವ ಬೀಗ ಬರ್ತಾನಲೇ? ಹೋಗು, ಪಟ್ಟಿ ಕೊಯ್ಯಿ."

ಪಟ್ಟಿ ಕೊಯ್ದೆ. ಅದಕ್ಕಿಂತ ಹೆಚ್ಚಿನ ತಿಳಿವಳಿಕೆ ನನ್ನಿಂದ ಯಾರೂ ಕೇಳಿರಲಿಲ್ಲ.

ಅಜ್ಜ ಮತ್ತೆ ಬಂದ ದಿನ ಕರಿಬಸಪ್ಪ ಯಾವುದೋ ಕೋಟಿನವನಿಗೆ ಕಾಯುತ್ತಾ, ಹೊಸ ಅಂಗಿ ಹಾಕಿಕೊಂಡು, ಬೆವರುತ್ತಾ ನಿಂತಿದ್ದ. ಅಜ್ಜ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, "ಮೇಸ್ತ್ರಿ, ಆ ವೈರಿಂಗ್..." ಎಂದದ್ದೇ ತಡ.

"ಅಜ್ಜಾ! ಎಷ್ಟು ಸಲ ಕೇಳ್ತೀರಿ! ನೀವು ಹಿಂಗೇ ಕೇಳ್ಕೋತ ಕುಂತ್ರೆ, ಮನ್ಯಾಗೆ ದೀಪ ಹತ್ತೋದ್ರೊಳಗೆ ನೀವೇ ಆರಿ ಹೋಗ್ತೀರಿ!"

ಕೊಡ ಬಡಿಯುವವನ ಸುತ್ತಿಗೆ ಮೇಲೆಯೇ ನಿಂತಿತು. ಅದೇ ಹೊತ್ತಿಗೆ ಗಿರಿಜ ಬುತ್ತಿ ಹಿಡಿದು ಬಂದಳು. ಅಪ್ಪನ ಮುಖ ನೋಡಿದಳು, ಅಜ್ಜನ ಮುಖ ನೋಡಿದಳು. ಬುತ್ತಿ ಇಟ್ಟು, ತಂಬಿಗೆಯಲ್ಲಿ ನೀರು ತುಂಬಿ, "ಅಜ್ಜಾರೆ, ಬಿಸಿಲಾಗೆ ಬಂದೀರಿ. ಕುಂತ್ಕಂಡು ಕುಡೀರಿ" ಎಂದು ಕೊಟ್ಟಳು. ಅಜ್ಜ ಕುಂತ, ಕುಡಿದ, ಅವಳ ಹೆಸರು ಕೇಳಿದ. ತಂಬಿಗೆ ವಾಪಸು ಕೊಟ್ಟು ಕಂಬಳಿ ಕೊಡವಿಕೊಂಡು ಎದ್ದ.

"ಆತು ಬಿಡ್ರಿ ಮೇಸ್ತ್ರಿ. ಕೇಳೋದೆಲ್ಲಾ ಕೇಳಿದ್ದಾತು."

ಮಾರನೆಯ ದಿನ ಚನ್ನಯ್ಯ ಬಂದಾಗ ಬೆಂಚಿನ ಮೇಲೆ ಕೂರಲಿಲ್ಲ, ನಿಂತೇ ಹೇಳಿದ. "ನಿನ್ನೆ ಬಂದಿದ್ದೋರು ಹಾಲಪ್ಪಜ್ಜ, ಹುಡುಗನ ತಾತ. ಹುಡುಗಿ ಒಪ್ಪಿಗೆ ಆಗ್ಯಾಳೆ. ಅಪ್ಪಂದು ಇನ್ನೂ ತೀರ್ಮಾನ ಆಗಿಲ್ಲಂತೆ. ಈ ಸೋಮವಾರ ನೀನು ಹರಿಹರಕ್ಕೆ ಬಂದು, ಮನೆಯೋರೆಲ್ಲರ ಎದುರಿಗೆ, ಆ ವೈರಿಂಗ್ ಅಂದಾಜು ಇನ್ನೊಂದು ಸಲ ಹೇಳಬೇಕಂತೆ."

ಕರಿಬಸಪ್ಪ ತಂತಿ ಸುರುಳಿಯ ಮೇಲೆ ಕುಸಿದು ಕುಂತ. ಕೊನೆಗೆ, "ಮಂಗ್ಯಾ, ನೀನೂ ಬಾರಲೇ. ನಾನು ಸಿಟ್ಟಿಗೆದ್ದೆ ಅಂದ್ರೆ ಕೆಮ್ಮು" ಎಂದ.

ಹೊರಡುವ ಬೆಳಿಗ್ಗೆ ಗಿರಿಜ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡಳು. ಆವತ್ತು ನಗಲಿಲ್ಲ. "ಅಪ್ಪ ಅಲ್ಲಿ ಬಾಯಿ ಬಿಟ್ರೆ ಮುಗೀತು. ಈ ಲಾಟೀನು ಒರೆಸ್ಕೋತಾನೇ ನಾನು ಮುದುಕಿ ಆಗ್ತೀನಿ. ಚಂದಾಗಿ ಕೆಮ್ಮೋ."

ರೈಲಿನಲ್ಲಿ ತಾಲೀಮು ನಡೆಯಿತು. ನಾನು ಹಾಲಪ್ಪಜ್ಜನ ದನಿಯಲ್ಲಿ, "ಏನಾಗ್ತೈತ್ರಿ ಮೇಸ್ತ್ರಿ?" ಎನ್ನುವುದು, ಅವನು ಮೆತ್ತಗೆ ರೇಟು ಹೇಳುವುದು. ಮೊದಲ ಸಲ ಹೇಳಿದ. ಎರಡನೇ ಸಲಕ್ಕೆ ಕತ್ತಿನ ನರ ಎದ್ದಿತು. ಮೂರನೇ ಸಲಕ್ಕೆ, "ಹೇಳಿದ್ನಲ್ಲಲೇ ಬೋ..." ಎಂದು ಸೀಟಿನಿಂದಲೇ ಎದ್ದ. ಎದುರಿಗೆ ಕುಂತಿದ್ದ ಹೆಂಗಸು ಮಗುವನ್ನು ಎತ್ತಿಕೊಂಡು ಬೇರೆ ಕಡೆ ಹೋದಳು. ಗಿರಿಜಳ ಮದುವೆ ಹರಿಹರದ ಪ್ಲಾಟ್‌ಫಾರಮ್ಮಿಗೂ ಇಳಿಯುವುದಿಲ್ಲ ಎಂದುಕೊಂಡೆ.

ಹೊಳೆ ಕಡೆಯ ಓಣಿಯಲ್ಲಿ ಅವರ ಮನೆ. ಪಡಸಾಲೆಯ ತುಂಬ ಹಿರಿಯರು: ಹಾಲಪ್ಪಜ್ಜ, ಅವರ ತಮ್ಮ, ಅಕ್ಕ, ಹೆಸರು ಗೊತ್ತಾಗದ ಇನ್ನೂ ಒಂದಿಬ್ಬರು. ಕರಿಬಸಪ್ಪನಿಗೆ ಹುಲಿಗಳ ಪಂಜರಕ್ಕೆ ಬಿದ್ದಂತಾಗಿರಬೇಕು. ಹುಲಿಗಳು ಮಾತ್ರ ಮಜ್ಜಿಗೆ ಕೊಟ್ಟು ಉಪಚಾರ ಮಾಡಿದವು. ಆಮೇಲೆ ಹಾಲಪ್ಪಜ್ಜ ಕೇಳಿದರು. ಕರಿಬಸಪ್ಪ ಹೇಳಿದ. ಅವರ ತಮ್ಮ ಕಿವಿಗೆ ಕೈ ಹಚ್ಚಿ, "ಏನಂದ್ರಿ?" ಎಂದರು. ಹೇಳಿದ. ಅಕ್ಕ, "ಅಡಿಗಿ ಮನೀದೂ ಸೇರೀತೇನು?" ಎಂದರು. ಮತ್ತೆ ಮೊದಲಿನಿಂದ ಹೇಳಿದ. ಕತ್ತಿನ ನರ ಹಗ್ಗದಂತೆ ಎದ್ದಿತು. ನಾನು ಕೆಮ್ಮಿದೆ. "ಹುಡುಗಗೆ ಶೀತ ಆಗೇತೆ, ಬಿಸಿನೀರು ಕೊಡ್ರಿ" ಎಂದರು ಯಾರೋ. ಅಷ್ಟರಲ್ಲಿ ಒಳಗಿನಿಂದ ಹಾಲಪ್ಪಜ್ಜನ ಹೆಂಡತಿಯ ದನಿ:

"ಏನಂದ್ರು? ನನಗೆ ಒಂದೂ ಕೇಳಲಿಲ್ಲ."

ನನ್ನ ಬಾಯಿಯಲ್ಲಿ ಬಿಸಿನೀರಿತ್ತು. ಕೆಮ್ಮಲಾಗಲಿಲ್ಲ. ಕರಿಬಸಪ್ಪ ಎದ್ದ. ಮುಗಿಯಿತು ಎಂದುಕೊಂಡೆ. ಅವನು ನಡೆದುಹೋಗಿ ಅಡಿಗೆಮನೆಯ ಹೊಸ್ತಿಲ ಈಚೆಗೆ ಕುಕ್ಕರುಗಾಲಲ್ಲಿ ಕುಂತು, "ತಾಯೀ, ಪಡಸಾಲೆಗೊಂದು ಪಾಯಿಂಟು, ನಡುಮನೀಗೊಂದು, ನಿಮ್ಮ ಒಲೆ ಮುಂದೆ ಒಂದು" ಎಂದು ಹೇಳುತ್ತಾ ಹೋದ. ಆ ದನಿ ನನಗೆ ಹೊಸದು. ಮೂಗಿನದೂ ಅಲ್ಲ, ಹೊಟ್ಟೆಯದೂ ಅಲ್ಲ. ಈ ಮನುಷ್ಯ ಇಷ್ಟು ವರ್ಷ ಮೂರನೆಯ ಗಂಟಲೊಂದನ್ನು ಎಲ್ಲಿ ಬಚ್ಚಿಟ್ಟಿದ್ದ? ಕದಿಯಬೇಕೆಂದು ಎಷ್ಟೋ ಪ್ರಯತ್ನ ಮಾಡಿದ್ದೇನೆ. ಇವತ್ತಿಗೂ ನನ್ನ ಬಾಯಿಗೆ ಬಂದಿಲ್ಲ.

"ಅಷ್ಟೇನಾ?" ಎಂದಿತು ಒಳಗಿನ ದನಿ. "ಅಂಗಡ್ಯಾಗೆ ಇದಕ್ಕಿಂತ ಜಾಸ್ತಿ ಹೇಳಿದ್ರಂತಲ್ಲ?"

"ಅದು... ಅದು ಅಂಗಡಿ ರೇಟು ತಾಯಿ. ಇದು ಮನಿ ರೇಟು."

ಪಡಸಾಲೆ ಪೂರಾ ನಕ್ಕಿತು. ಹಾಲಪ್ಪಜ್ಜ ಮಾತ್ರ ನಗು ಮುಗಿಯುವ ತನಕ ಕಾದು ಹೇಳಿದರು. "ಆತು. ಹುಡುಗಿ ನಮ್ಮೋಳು. ಆದ್ರೆ ಮೇಸ್ತ್ರಿ, ನಿಮ್ಮ ಮನ್ಯಾಗೆ ಎಷ್ಟು ಪಾಯಿಂಟ್ ಅಂತ ಅವತ್ತೇ ಕೇಳಿದ್ದೆ, ನೀವು ಹೇಳಲಿಲ್ಲ. ನಾನು ಆನೆಕೊಂಡಕ್ಕೇ ಹೋಗಿ ನೋಡಿಬಂದೆ. ನಮ್ಮ ಮೊಮ್ಮಗನ ಹೆಂಡ್ತಿ ಬಾಣಂತನಕ್ಕೆ ಬರೋದ್ರೊಳಗೆ ದೀಪ ಹಾಕ್ಸ್ರಿ. ಲಾಟೀನಿರೋ ಮನೀಗೆ ನಾವು ಕಳಿಸಂಗಿಲ್ಲ."

"ಹಾಕಸ್ತೀನ್ರಿ" ಎಂದ ಕರಿಬಸಪ್ಪ, ಹೊಸ್ತಿಲಲ್ಲಿ ಕುಂತೇ.

ಮದುವೆಯಾಯಿತು. ಆ ಮೂರನೇ ಗಂಟಲು ಅಂಗಡಿಗೂ ಬಂದೀತು ಎಂದು ನಾನು ದಡ್ಡನಂತೆ ಆಸೆಪಟ್ಟಿದ್ದೆ. ಮದುವೆಯ ಅರಿಶಿನ ಇನ್ನೂ ಕೈಯಿಂದ ಹೋಗಿರಲಿಲ್ಲ, ಬಸಮ್ಮಜ್ಜಿ ಬಂದಳು. "ಏನಪ್ಪಾ, ವರ್ಷ ಆತು, ರೇಟು ಇಳೀತೇನು?" ಎಂದಳು. "ಅಜ್ಜೀ!" ಎಂದು ಎದ್ದ ಕೂಗಿಗೆ ಕಪಾಟಿನಲ್ಲಿದ್ದ ಬಲ್ಬುಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅಂದವು. ಮಗಳನ್ನು ದಾಟಿಸಲು ಎಷ್ಟು ಬೇಕೋ ಅಷ್ಟೇ ಹೊತ್ತು ಮನುಷ್ಯನಾಗಿ, ಕೆಲಸ ಮುಗಿದೊಡನೆ ಏಣಿ ಮಡಿಚಿಟ್ಟಂತೆ ಅದನ್ನು ಮಡಿಚಿಟ್ಟಿದ್ದ. ಅದೇ ತಿಂಗಳು ನಾನು ಅವನ ಏಣಿಯಿಂದ ಇಳಿದೆ.

ಹರಿಹರದಲ್ಲಿ ಕಾರ್ಖಾನೆಯ ಜನಕ್ಕೆ ಹೊಸ ಮನೆಗಳು ಏಳುತ್ತಿದ್ದವು. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಗೂಡಂಗಡಿ ಹಿಡಿದು ನಾನೂ ಮೇಸ್ತ್ರಿಯಾದೆ. ನಮ್ಮವ್ವ ಚನ್ನಯ್ಯನ ಕೈಗೆ ಎಲೆಅಡಿಕೆ ಕೊಟ್ಟು ನನಗೂ ಒಂದು ಹೆಣ್ಣು ನೋಡಲು ಹೇಳಿದಳು. ನಂದಿಗುಡಿ ಕಡೆ ಒಂದು ಮನೆತನ ಇದೆ, ವಿಚಾರಿಸುತ್ತಾರೆ ಎಂದು ಚನ್ನಯ್ಯ ಹೇಳಿಹೋಗಿದ್ದ. ಯಾವಾಗ, ಯಾರು ಎಂದು ಹೇಳಿರಲಿಲ್ಲ.

ಆಗಲೇ ಕರಿಬಸಪ್ಪ ಬಂದದ್ದು. ಕೈಯಲ್ಲಿ ಊರುಗೋಲು. ಏಣಿಯಿಂದ ಬಿದ್ದು ಕಾಲು ಉಳುಕಿತ್ತು, ಬಲಗೈ ಮಣಿಕಟ್ಟು ಮುರಿದಿತ್ತು. ನಾಟಿ ವೈದ್ಯ ಕಟ್ಟಿದ್ದು ಸೊಟ್ಟಗೆ ಕೂಡಿತ್ತು. ಅವನ ಬಳಿ ಕೆಲಸಕ್ಕೆ ನಿಲ್ಲುವವರು ಯಾರೂ ಉಳಿದಿರಲಿಲ್ಲ. ಗಿರಿಜಳಿಗೆ ದಿನ ತುಂಬುತ್ತಾ ಬಂದಿತ್ತು. ಆನೆಕೊಂಡದ ಮನೆಯಲ್ಲಿ ಇನ್ನೂ ಲಾಟೀನೇ.

"ಮಂಗ್ಯಾ, ನಡುಮನೀಗೊಂದು, ಅಡಿಗಿ ಮನೀಗೊಂದು ಪಾಯಿಂಟು. ಏನು ತಗಂತಿ?"

ಹೇಳಿದೆ. ನನಗೆ ಏನೂ ಉಳಿಯದ ರೇಟು. ಅವನು, "ನೋಡ್ತೀನಿ" ಎಂದು ಹೋದ. ಮುಂದಿನ ವಾರ ಬಂದು, ಮೊದಲ ಸಲ ಕೇಳುವವರ ಮುಖ ಮಾಡಿಕೊಂಡು, ಮತ್ತೆ ಅದನ್ನೇ ಕೇಳಿದ. ಹೇಳಿದೆ. ಅದರ ಮುಂದಿನ ವಾರ ಮತ್ತೆ ಬಂದ. ಅಂಗಡಿಯಲ್ಲಿ ಜನ ಇದ್ದರು. ಬೆಂಚಿನ ಮೇಲೆ ಹಳ್ಳಿಯ ಹಿರಿಯರೊಬ್ಬರು ಕುಂತಿದ್ದರು, ತಮ್ಮ ಕೊಟ್ಟಿಗೆಗೊಂದು ದೀಪ ಹಾಕಲು ಏನಾಗುತ್ತೆ ಎಂದು ಅವರು ಈ ಮೊದಲೂ ಕೇಳಿಹೋಗಿದ್ದರು. ಕರಿಬಸಪ್ಪ ಮೆಟ್ಟಿಲ ಮೇಲೆ ಕಾಲಿಟ್ಟು, "ಮಂಗ್ಯಾ, ಆ ವೈರಿಂಗ್..." ಎಂದ.

ಇಷ್ಟು ವರ್ಷ ಜೇಬಿನಲ್ಲಿ ಕಾಪಾಡಿದ್ದು ಹೊರಗೆ ಹಾರಿತು. ಹೊಟ್ಟೆಯಿಂದ, ಎಲ್ಲೂ ತಂಗದೆ.

"ಅಣ್ಣಾ! ಹೋದ ವಾರ ಹೇಳಿದ್ನಲ್ಲಾ! ಈ ವಾರ ಒಂದು ರೂಪಾಯಿ ಜಾಸ್ತಿ! ನನ್ನ ಗಂಟಲು ಪುಕ್ಸಟ್ಟೆ ಬಂದಿಲ್ಲ!"

ನನ್ನ ಜೀವಮಾನದಲ್ಲೇ ಅಷ್ಟು ಚೆನ್ನಾಗಿ ಬಂದ ಅಣಕ ಇನ್ನೊಂದಿಲ್ಲ. ಕಣ್ಣು ಮುಚ್ಚಿದ್ದರೆ ಚೌಕಿಪೇಟೆಯೇ. ಈಗಾದರೂ ಗುರುತು ಹಿಡಿಯುತ್ತಾನೆ, ಕೋಲು ಎತ್ತುತ್ತಾನೆ ಎಂದು ತಲೆ ತಗ್ಗಿಸಿಕೊಂಡೆ. ಕರಿಬಸಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಬೆಂಚಿನ ಮೇಲಿದ್ದ ಹಿರಿಯರ ಕಡೆ ತಿರುಗಿದ.

"ನೋಡಿದ್ರೇನ್ರಿ ಯಜಮಾನ್ರೆ? ದೊಡ್ಡೋರ ಹತ್ರ ಆಡೋ ಮಾತಾ ಇದು? ಯಾವ ಕತ್ತೆ ಹತ್ರ ಕಲ್ತಾನೋ! ಇಂಥೋನಿಗೆ ಯಾರ್ರೀ ಹೆಣ್ಣು ಕೊಡ್ತಾರೆ?"

ಹಿರಿಯರು ಅವನ ಮುಖ ನೋಡಿದರು, ನನ್ನ ಮುಖ ನೋಡಿದರು. ರುಮಾಲು ಸರಿಮಾಡಿಕೊಂಡು ಎದ್ದರು. ಕೊಟ್ಟಿಗೆಯ ರೇಟು ಕೇಳಲಿಲ್ಲ.

"ಆತು ಬಿಡಪ್ಪ" ಎಂದರು.

ಇಬ್ಬರೂ ಜೊತೆಯಾಗಿಯೇ ಮೆಟ್ಟಿಲಿಳಿದರು. ಕರಿಬಸಪ್ಪ ಅವರಿಗೆ ರಸ್ತೆ ದಾಟಲು ಸೊಟ್ಟಗೈಯನ್ನು ಆಸರೆ ಕೊಟ್ಟು, ಏನೋ ಹೇಳುತ್ತಾ ಹೋದ; ದೂರದಿಂದ ಕೇಳಿಸಲಿಲ್ಲ, ಆದರೆ ದನಿ ಮಾತ್ರ ಆ ಹರಿಹರದ ಹೊಸ್ತಿಲಿನದು. ಅವನನ್ನು ನಾನು ಕಂಡದ್ದು ಅದೇ ಕೊನೆ. ಗಿರಿಜ ಗಂಡುಮಗು ಹೆತ್ತದ್ದು ಆನೆಕೊಂಡದಲ್ಲೇ, ಬಲ್ಬಿನ ಬೆಳಕಿನಲ್ಲೇ. ದೀಪ ಹಾಕಿದವನು ಚೌಕಿಪೇಟೆಯ ಆ ಎದುರು ಸಾಲಿನ ವೈರ್‌ಮನ್ ಅಂತೆ.

ಹಿರಿಯರು ನಂದಿಗುಡಿ ಬಸ್ಸು ಹತ್ತಿದರು.